ದಂಡಿಗೆ ಸೇರುವೆನೆಂದ ಮಗನಿಗೆ ಏನು ಹೇಳಬೇಕು?

ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಬಂದ ಮನೆಗಳಲ್ಲಿ ಕೆಲವು ದಿನ ಒಂದೇ ಮಾತು: ಹುಡುಗ ಮುಂದೇನು ಮಾಡತಕ್ಕದ್ದು? ಇಂಜಿನಿಯರಿಂಗ್, ವಾಣಿಜ್ಯ, ಡಿಪ್ಲೊಮಾ ಎಂದು ಹಿರಿಯರು ಬೆರಳು ಮಡಿಸುತ್ತಿರುತ್ತಾರೆ. ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದ ಹುಡುಗ, “ನಾನು ಮಿಲಿಟರಿಗೆ ಸೇರುತ್ತೇನಪ್ಪಾ” ಎಂದುಬಿಟ್ಟರೆ ಮನೆಯಲ್ಲಿ ಒಮ್ಮೆಲೇ ಮೌನ ಕವಿಯುತ್ತದೆ. ತಾಯಿ ಅಡಿಗೆಮನೆಯಿಂದ ಹೊರಗೆ ಬರುತ್ತಾಳೆ. ತಂದೆಗೆ ಏನು ಹೇಳಬೇಕೆಂದು ತೋಚುವುದಿಲ್ಲ. ಬೇಡವೆಂದರೆ ದೇಶಪ್ರೇಮವಿಲ್ಲದವನಂತೆ, ಹೋಗೆಂದರೆ ಮಗನ ಮೇಲೆ ಮಮತೆಯಿಲ್ಲದವನಂತೆ.

ಈ ಪ್ರಶ್ನೆ ಪಟ್ಟಣದ ಮನೆಗಳಲ್ಲಿ ಅಪರೂಪವಾಗಿ ಏಳುತ್ತದೆ. ನಮ್ಮ ನಾಡಿನ ಬಯಲುಸೀಮೆಯ ಹಳ್ಳಿಗಳಲ್ಲಿ ಇದು ಅಪರೂಪದ ಪ್ರಶ್ನೆಯಲ್ಲ. ಆದುದರಿಂದ ಇದನ್ನು ಅಂಥ ಒಂದು ಹಳ್ಳಿಯಲ್ಲಿ ನಿಂತು ಯೋಚಿಸುವುದು ಲೇಸು. ಭಾವೋದ್ರೇಕ ಸ್ವಲ್ಪ ತಗ್ಗಿ, ಲೆಕ್ಕ ಸ್ಪಷ್ಟವಾಗಿ ಕಾಣುತ್ತದೆ.

ಕಾರ್ಯಾರಂಭದ ಊರು

ಬೆಂಗಳೂರಿನಿಂದ ತಿರುಪತಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕೋಲಾರವನ್ನು ದಾಟಿದರೆ ಮುಳಬಾಗಿಲು. ಅಲ್ಲಿಂದ ಸುಮಾರು 10 ಕಿಲೋಮೀಟರು ದೂರದಲ್ಲಿ, ಬಂಡೆಗುಡ್ಡಗಳ ನಡುವೆ ಕುರುಡುಮಲೆ. ದೇವತೆಗಳು ಕೂಡಿದ ಮಲೆಯಾದುದರಿಂದ ಕೂಡುಮಲೆಯಾಗಿ, ಅದೇ ಕುರುಡುಮಲೆಯಾಯಿತೆಂದು ಐತಿಹ್ಯ. ಏಕಶಿಲೆಯಲ್ಲಿ ಕಡೆದ, ಆಳಿಗಿಂತ ಎರಡು ಪಟ್ಟು ಎತ್ತರದ ಇಲ್ಲಿಯ ಗಣಪತಿಯ ದರ್ಶನ ಮಾಡಿ ಹೊರಟರೆ ಹಿಡಿದ ಕಾರ್ಯ ಕೈಗೂಡುವುದೆಂಬ ನಂಬಿಕೆಯುಂಟು. ರಾಜಕೀಯ ಪಕ್ಷಗಳವರು ಚುನಾವಣೆಯ ಪ್ರಚಾರವನ್ನು ಇಲ್ಲಿ ಪೂಜೆ ಸಲ್ಲಿಸಿ ಆರಂಭಿಸುವುದು ರೂಢಿಯಾಗಿದೆ. ಮದುವೆಯ ಮೊದಲ ಪತ್ರಿಕೆ, ಹೊಸ ವಾಹನ, ಪರೀಕ್ಷೆಗೆ ಹೊರಟ ಮಕ್ಕಳು, ಎಲ್ಲರಿಗೂ ವಿಘ್ನೇಶ್ವರನೇ ಮೊದಲು.

ಈ ಸುತ್ತಿನ ಒಬ್ಬ ತರುಣನನ್ನು ಊಹಿಸಿಕೊಳ್ಳೋಣ. ವಯಸ್ಸು ಹದಿನೆಂಟು. ಮನೆಯಲ್ಲಿ ಎರಡು ಎಕರೆ ಹೊಲ, ಎರಡು ಸೀಮೆಹಸು, ಕೊಳವೆಬಾವಿಯ ಸಾಲ, ಮದುವೆಗೆ ಬಂದ ಒಬ್ಬ ತಂಗಿ. ಅವನೆದುರಿಗೆ ಇರುವ ದಾರಿಗಳನ್ನು ಎಣಿಸಬಹುದು. ಒಂದು, ಹೊಲ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆ ಮತ್ತು ಕೊಳವೆಬಾವಿಗಳೇ ಗತಿ. ಬೆಂಗಳೂರಿನ ಕೊಳಚೆನೀರನ್ನು ಶುದ್ಧಿಮಾಡಿ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತಾದರೂ ಬೇಸಾಯದ ಜೂಜು ನಿಂತಿಲ್ಲ. ಟೊಮೆಟೊ ಒಂದು ವರ್ಷ ಮನೆ ಕಟ್ಟಿಸುತ್ತದೆ, ಮರುವರ್ಷ ಬೀದಿಗೆ ಸುರಿಸುತ್ತದೆ. ತಿಂಗಳ ಖರ್ಚನ್ನು ತೂಗಿಸುವುದು ಡೈರಿಗೆ ಹಾಕುವ ಹಾಲು. ಎರಡು, ನರಸಾಪುರದ ಕಡೆಯ ಕಾರ್ಖಾನೆಗಳು. ಅಲ್ಲಿ ಪಾಳಿಯ ಮೇಲೆ ಕೆಲಸ, ಬಹುಮಟ್ಟಿಗೆ ಗುತ್ತಿಗೆಯ ಮೇಲೆ. ಮೂರು, ಕಾಲೇಜು, ಆಮೇಲೆ ಬೆಂಗಳೂರು. ಅವರಜ್ಜನ ಕಾಲದಲ್ಲಿ ಇದ್ದ ಕೋಲಾರದ ಚಿನ್ನದ ಗಣಿಯ ದಾರಿ 2001ರ ಫೆಬ್ರವರಿ 28ರಂದು ಮುಚ್ಚಿಹೋಯಿತು. ನಾಲ್ಕನೆಯದೇ ದಂಡು.

ಆ ನಾಲ್ಕನೆಯ ದಾರಿಯನ್ನು ಹಿಡಿಯಬೇಕೆ, ಬಿಡಬೇಕೆ ಎಂಬುದು ಧೈರ್ಯದ ಪ್ರಶ್ನೆಯೆಂದು ನಾವೆಲ್ಲ ತಿಳಿದಿರುತ್ತೇವೆ. ವಾಸ್ತವವಾಗಿ ಅದು ಒಂದು ಒಪ್ಪಂದದ ಪ್ರಶ್ನೆ. ಸಿಪಾಯಿ ರಾಜ್ಯಕ್ಕೆ ಒಂದು ಮಾತು ಕೊಡುತ್ತಾನೆ. ರಾಜ್ಯವೂ ಸಿಪಾಯಿಗೆ ಒಂದು ಮಾತು ಕೊಡುತ್ತದೆ. ಎರಡನ್ನೂ ಓದದೆ ಸಹಿ ಹಾಕಬಾರದು.

ಕಲ್ಲಿನ ಮೇಲೆ ಬರೆದ ಮಾತು

ಈ ಒಪ್ಪಂದ ಎಷ್ಟು ಹಳೆಯದೆಂಬುದಕ್ಕೆ ಕೋಲಾರದ ಸೀಮೆಯೇ ಸಾಕ್ಷಿ. ಗಂಗರು, ಬಾಣರು, ನೊಳಂಬರು ಕಾದಾಡಿದ ನೆಲವಿದು. ಕೆರೆಯ ಏರಿಯ ಮೇಲೆ, ಊರ ಹೊರಗಿನ ಮರದ ಬುಡದಲ್ಲಿ, ದೇವಾಲಯದ ಅಂಗಳದಲ್ಲಿ ಎಷ್ಟೋ ವೀರಗಲ್ಲುಗಳು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ದನಗಳನ್ನು ಹೊಡೆದುಕೊಂಡು ಹೋದವರನ್ನು ಅಟ್ಟಿಸಿಕೊಂಡು ಹೋಗಿ ಸತ್ತವರೂ ಅಲ್ಲಿದ್ದಾರೆ, ಒಡೆಯನಿಗಾಗಿ ಕಾದಿ ಮಡಿದವರೂ ಇದ್ದಾರೆ.

ಕಲ್ಲಿನ ಮೇಲಿನ ಚಿತ್ರವನ್ನು ನೋಡಿ ಮೆಚ್ಚುವ ನಾವು ಅದರ ಅಕ್ಷರಗಳನ್ನು ಓದುವುದಿಲ್ಲ. ಅನೇಕ ವೀರಗಲ್ಲುಗಳ ಕೊನೆಯಲ್ಲಿ ಒಂದು ವ್ಯವಹಾರದ ಮಾತು ಇರುತ್ತದೆ: ಸತ್ತವನ ಮನೆಯವರಿಗೆ ಇಷ್ಟು ಭೂಮಿ ಕೊಡಲಾಯಿತು. ಇದಕ್ಕೆ ಹಳಗನ್ನಡದಲ್ಲಿ ಕಲ್ನಾಡು, ಬಾಳ್ಗಚ್ಚು, ನೆತ್ತರುಗೊಡಗೆ ಎಂಬ ಹೆಸರುಗಳುಂಟು. ನೆತ್ತರುಗೊಡಗೆ ಎಂದರೆ ರಕ್ತಕ್ಕೆ ಪ್ರತಿಯಾಗಿ ಕೊಟ್ಟ ಕೊಡುಗೆ. ಬೆಂಗಳೂರಿನ ಬೇಗೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಪ್ರಸಿದ್ಧ ವೀರಗಲ್ಲು ಇದಕ್ಕೆ ಒಳ್ಳೆಯ ನಿದರ್ಶನ. ಗಂಗರ ಎರೆಯಪ್ಪನ ಕಡೆಯಲ್ಲಿ ಕಾದಿದ ನಾಗತ್ತರ ಆನೆಗಳ ನಡುವೆ ನುಗ್ಗಿ ಮಡಿದಾಗ, ಅವನ ಪದವಿಯನ್ನೂ ಬೆಂಪೂರು ಹನ್ನೆರಡೆಂಬ ಹಳ್ಳಿಗಳನ್ನೂ ಇರುಗನೆಂಬುವನಿಗೆ ಕಲ್ನಾಡಾಗಿ ಕೊಟ್ಟ ವಿಷಯ ಅದರಲ್ಲಿದೆ. ಸಾವಿರ ವರ್ಷಗಳಿಗೂ ಹಿಂದೆಯೇ, ಸಿಪಾಯಿಯ ಸಾವಿನ ನಂತರ ಮನೆಗೆ ಏನು ಎಂಬ ಪ್ರಶ್ನೆಯನ್ನು ಕೇಳಿ, ಉತ್ತರವನ್ನು ಎಲ್ಲರಿಗೂ ಕಾಣುವಂತೆ ಕಲ್ಲಿನಲ್ಲಿ ಕೊರೆಸಿದ್ದರು. ಅದನ್ನು ಕೇಳುವುದು ಹೇಡಿತನವೆಂದು ಆ ಕಾಲದವರು ಭಾವಿಸಲಿಲ್ಲ.

ಮಾತು ಉಳಿಯದಿದ್ದಾಗ ಏನಾಗುವುದೆಂಬುದಕ್ಕೂ ಇಲ್ಲಿಯೇ ಉದಾಹರಣೆಯುಂಟು. ಕೋಲಾರದ ಮಖಬರಾದಲ್ಲಿ ಸಮಾಧಿಯಾಗಿರುವ ಫತೇ ಮಹಮ್ಮದ್ ಶಿರಾದ ನವಾಬನ ಸೇನೆಯಲ್ಲಿದ್ದವನು. ಅವನಿಗೆ ಬೂದಿಕೋಟೆ ಜಹಗೀರಾಗಿತ್ತು. 1720ರ ಸುಮಾರಿಗೆ ಅವನಿಗೆ ಅಲ್ಲಿ ಹುಟ್ಟಿದ ಮಗನೇ ಹೈದರ್ ಅಲಿ. ತಂದೆ ಯುದ್ಧದಲ್ಲಿ ಮಡಿದ ಮೇಲೆ ಆ ಸಂಸಾರ ಕಷ್ಟಕ್ಕೆ ಸಿಕ್ಕಿ, ಮಕ್ಕಳು ಬಂಧುಗಳ ಆಶ್ರಯದಲ್ಲಿ ಬೆಳೆಯಬೇಕಾಯಿತು. ಅಣ್ಣನ ಹಿಂದೆ ಮೈಸೂರಿನ ಸೇನೆಗೆ ಬಂದ ಹೈದರ್ 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ಹೆಸರು ಪಡೆದ. ಮುಂದಿನದು ಇತಿಹಾಸ. ಅವನು ಮೇಲೇರಿದ, ಅವನಂತೆ ಅನಾಥರಾದ ಸಾವಿರಾರು ಸಿಪಾಯಿಗಳ ಮಕ್ಕಳು ಏರಲಿಲ್ಲ. 1768ರ ಅಕ್ಟೋಬರ್ 4ರಂದು ಮುಳಬಾಗಿಲಿನ ಬಳಿ ಹೈದರನಿಗೂ ಈಸ್ಟ್ ಇಂಡಿಯಾ ಕಂಪನಿಗೂ ಘೋರ ಕದನವಾದಾಗ, ಕಂಪನಿಯ ಪಡೆಯಲ್ಲೂ ಹೆಚ್ಚಿನವರು ದಕ್ಷಿಣದೇಶದ ಸಿಪಾಯಿಗಳೇ. ಅವರಲ್ಲಿ ಮಡಿದವರ ಹೆಸರನ್ನು ಯಾವ ಕಲ್ಲೂ ಹೇಳುವುದಿಲ್ಲ.

ಬಲವಂತವಿಲ್ಲದ ಸೇನೆ

ಸ್ವತಂತ್ರ ಭಾರತದಲ್ಲಿ ಯಾರನ್ನೂ ಹಿಡಿದು ಸೇನೆಗೆ ಸೇರಿಸುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸುಮಾರು 25 ಲಕ್ಷಕ್ಕೆ ಬೆಳೆದ ಭಾರತೀಯ ಸೇನೆಯೂ ತಾವಾಗಿ ಸೇರಿದವರದೇ. ಅವರಲ್ಲಿ ಹೊಟ್ಟೆಪಾಡಿಗೆ ಸೇರಿದವರೆಷ್ಟೋ ಮಂದಿ ಎಂಬುದು ಬೇರೆ ಮಾತು. 1962ರ ಚೀನಾ ಯುದ್ಧದ ತರುವಾಯ ಕಾಲೇಜು ವಿದ್ಯಾರ್ಥಿಗಳಿಗೆ ಎನ್.ಸಿ.ಸಿ. ಕಡ್ಡಾಯವಾಗಿತ್ತು, 1968ರಲ್ಲಿ ಅದೂ ಐಚ್ಛಿಕವಾಯಿತು. ಜಗತ್ತಿನ ಹಲವು ದೇಶಗಳಲ್ಲಿ ಹದಿನೆಂಟು ತುಂಬಿದ ಹುಡುಗನ ಮನೆಗೆ ಸರ್ಕಾರದ ಆಜ್ಞೆ ಬರುತ್ತದೆ. ದಕ್ಷಿಣ ಕೊರಿಯಾ, ಇಸ್ರೇಲುಗಳಲ್ಲಿ ಹಾಗೆ. ಇಲ್ಲಿ ಆಜ್ಞೆಯಿಲ್ಲ. ಆದುದರಿಂದಲೇ ನಿರ್ಧಾರದ ಭಾರವೆಲ್ಲ ಹುಡುಗನ ತಲೆಯ ಮೇಲೆ ಬೀಳುತ್ತದೆ.

ನಮ್ಮ ನಾಡಿಗೆ ಈ ವಿಷಯದಲ್ಲಿ ಹೆಮ್ಮೆಪಡುವ ಪರಂಪರೆಯಿದೆ. 1918ರ ಸೆಪ್ಟೆಂಬರ್ 23ರಂದು ಪಾಲೆಸ್ತೀನದ ಹೈಫಾ ಪಟ್ಟಣವನ್ನು ಜೋಧಪುರದವರೊಡನೆ ಕುದುರೆಯೇರಿ ನುಗ್ಗಿ ಹಿಡಿದ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಸ್ವತಂತ್ರ ಭಾರತದ ಸೇನೆಗೆ ಮೊದಲ ಭಾರತೀಯ ದಂಡನಾಯಕರಾಗಿ 1949ರ ಜನವರಿ 15ರಂದು ಅಧಿಕಾರ ವಹಿಸಿಕೊಂಡವರು ಕೊಡಗಿನ ಕಾರ್ಯಪ್ಪನವರು. ಜನರಲ್ ತಿಮ್ಮಯ್ಯನವರೂ ಅದೇ ಕೊಡಗಿನವರು. ಆದರೆ ಪರಂಪರೆಯೊಂದೇ ನೋಡಿ ಹೊರಟವನಿಗೆ ಪರಂಪರೆಯಲ್ಲಿ ಕಾಣದ ಸಂಗತಿಗಳೂ ತಿಳಿದಿರಬೇಕು. ಅವು ಈಗಿನ ಒಪ್ಪಂದದಲ್ಲಿವೆ.

ಈಗಿನ ಒಪ್ಪಂದ

2022ರವರೆಗೆ ಜವಾನನಾಗಿ ಸೇರಿದವನು 15 ವರ್ಷ ದುಡಿದರೆ ಜೀವನಪರ್ಯಂತ ಪಿಂಚಣಿ ಪಡೆಯುತ್ತಿದ್ದ. ಮೂವತ್ತೈದು ಮುಟ್ಟುವುದರೊಳಗೆ ಮನೆಗೆ ಬಂದು, ಪಿಂಚಣಿಯ ಆಧಾರದ ಮೇಲೆ ಮತ್ತೊಂದು ಕೆಲಸವನ್ನೋ ಬೇಸಾಯವನ್ನೋ ನಡೆಸುತ್ತಿದ್ದ. ಹಳ್ಳಿಯಲ್ಲಿ ಮಾಜಿ ಸೈನಿಕನ ಮನೆಯೆಂದರೆ ಒಂದು ಭದ್ರತೆಯ ಗುರುತು. ಸಾಂಕ್ರಾಮಿಕದ ಕಾರಣ 2020ರಿಂದ ಎರಡು ವರ್ಷ ಭೂಸೇನೆಯ ಭರ್ತಿ ರ್‍ಯಾಲಿಗಳು ನಿಂತುಹೋಗಿದ್ದುವು. 2022ರ ಜೂನ್ 14ರಂದು ಕೇಂದ್ರ ಸರ್ಕಾರ ಅಗ್ನಿಪಥ ಯೋಜನೆಯನ್ನು ಪ್ರಕಟಿಸಿತು. ಕಾದು ಕುಳಿತಿದ್ದ ತರುಣರು ಬಿಹಾರ, ಉತ್ತರಪ್ರದೇಶಗಳಲ್ಲಿ ಬೀದಿಗಿಳಿದರು. ಸಿಕಂದರಾಬಾದಿನ ರೈಲ್ವೆ ನಿಲ್ದಾಣದಲ್ಲಿ ಒಬ್ಬ ತರುಣ ಗುಂಡಿಗೆ ಬಲಿಯಾದ. ಸೇನೆಯ ಸರಾಸರಿ ವಯಸ್ಸು ತಗ್ಗಬೇಕು, ಪಡೆಗಳು ಚುರುಕಾಗಬೇಕು ಎಂಬುದು ಸರ್ಕಾರದ ವಾದ. ನಾಲ್ಕು ವರ್ಷಕ್ಕೆ ಹೊರಗೆ ಕಳಿಸಿದರೆ ಮುಂದೆ ಗತಿಯೇನು ಎಂಬುದು ತರುಣರ ವಾದ.

ಆ ಯೋಜನೆಯ ಮುಖ್ಯ ಅಂಶಗಳನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಸೇರುವ ಕನಿಷ್ಠ ವಯಸ್ಸು ಹದಿನೇಳೂವರೆ ವರ್ಷ. ಸೇವೆಯ ಅವಧಿ 4 ವರ್ಷ, ತರಬೇತಿಯೂ ಅದರಲ್ಲೇ ಸೇರಿತು. ಯೋಜನೆ ಪ್ರಕಟವಾದಾಗ ಗೊತ್ತುಮಾಡಿದಂತೆ ತಿಂಗಳ ಸಂಬಳ ಮೊದಲ ವರ್ಷ 30,000 ರೂಪಾಯಿ, ಎರಡನೆಯ ವರ್ಷ 33,000, ಮೂರನೆಯ ವರ್ಷ 36,500, ನಾಲ್ಕನೆಯ ವರ್ಷ 40,000. ಇದರಲ್ಲಿ ಶೇಕಡಾ 30ರಷ್ಟು ಸೇವಾನಿಧಿಗೆ ಹೋಗುತ್ತದೆ. ಆದುದರಿಂದ ಮೊದಲ ವರ್ಷ ಕೈಗೆ ಬರುವುದು 21,000. ಹುಡುಗ ಕಟ್ಟಿದಷ್ಟನ್ನೇ ಸರ್ಕಾರವೂ ಕಟ್ಟುತ್ತದೆ. ನಾಲ್ಕು ವರ್ಷದ ಕೊನೆಗೆ ಎರಡೂ ಸೇರಿ 10 ಲಕ್ಷದ 4 ಸಾವಿರ ರೂಪಾಯಿ, ಬಡ್ಡಿ ಕೂಡಿದರೆ ಸುಮಾರು 11 ಲಕ್ಷದ 71 ಸಾವಿರ. ಆ ಹಣಕ್ಕೆ ಆದಾಯ ತೆರಿಗೆಯಿಲ್ಲ. ಊಟ, ವಸತಿ, ಸಮವಸ್ತ್ರ ಸೇನೆಯವು. ರಜೆ ವರ್ಷಕ್ಕೆ 30 ದಿನ.

ನಾಲ್ಕು ವರ್ಷ ಮುಗಿದ ಮೇಲೆ ಶೇಕಡಾ 25ರವರೆಗೆ ಮಾತ್ರ ಕಾಯಂ ಸೇವೆಗೆ ತೆಗೆದುಕೊಳ್ಳುವರೆಂದು ಯೋಜನೆಯಲ್ಲಿದೆ. ಉಳಿದವರಿಗೆ ಪಿಂಚಣಿಯಿಲ್ಲ, ಗ್ರಾಚ್ಯುಯಿಟಿಯಿಲ್ಲ. ಸೇವೆಯಲ್ಲಿದ್ದಾಗ ಮಡಿದರೆ 48 ಲಕ್ಷ ರೂಪಾಯಿನ ವಿಮೆ. ಕರ್ತವ್ಯದ ಕಾರಣದಿಂದಲೇ ಮಡಿದರೆ ಅದರ ಮೇಲೆ 44 ಲಕ್ಷ ಪರಿಹಾರಧನ, ಉಳಿದ ಅವಧಿಯ ಸಂಬಳ ಮತ್ತು ಸೇವಾನಿಧಿ. ಅಂಗವಿಕಲನಾದರೆ ಊನದ ಪ್ರಮಾಣಕ್ಕೆ ತಕ್ಕಂತೆ 44, 25 ಅಥವಾ 15 ಲಕ್ಷ. ಇದೇ ಈ ಕಾಲದ ನೆತ್ತರುಗೊಡಗೆ. ನಡುವೆ ಬೇಸರವಾಯಿತೆಂದು ಬಿಟ್ಟು ಬರುವಂತಿಲ್ಲ. ಅತ್ಯಂತ ಅಸಾಧಾರಣ ಕಾರಣಗಳಿದ್ದರೆ ಮಾತ್ರ ಬಿಡುಗಡೆ. ಸೇರುವಾಗ ಹದಿನೆಂಟು ತುಂಬಿರದಿದ್ದರೆ ಅರ್ಜಿಗೆ ತಂದೆತಾಯಿಗಳ ಅಥವಾ ಪೋಷಕರ ಸಹಿ ಬೇಕು. ಆ ಸಹಿ ಹಾಕುವ ತಂದೆಗೆ ಈ ಅಂಕಿಗಳೆಲ್ಲ ಬಾಯಿಪಾಠವಾಗಿರಬೇಡವೆ? ನಿಯಮಗಳು ಕಾಲಕಾಲಕ್ಕೆ ಬದಲಾಗುವುದುಂಟು. ಆಯಾ ವರ್ಷದ ಪ್ರಕಟಣೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿಯೇ ಅರ್ಜಿ ಹಾಕತಕ್ಕದ್ದು.

ಹುಡುಗ ತನ್ನನ್ನೇ ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳು

ಮೊದಲನೆಯದು: ನನಗೆ ಬೇಕಾದುದು ಸಿಪಾಯಿಯ ಜೀವನವೋ, ಸಿಪಾಯಿಯ ಉಡುಪೋ? ಸಿನಿಮಾದಲ್ಲಿ ಕಾಣುವುದು ಯುದ್ಧ. ಸೇನೆಯಲ್ಲಿ ಕಾಣುವುದು ಬೆಳಗಿನ ಜಾವದ ಕವಾಯತು, ಕಂದಕ ತೋಡುವುದು, ಆಯುಧ ಒರೆಸುವುದು, ರಾತ್ರಿಯ ಪಹರೆ, ತಿಂಗಳುಗಟ್ಟಲೆ ಕಾಯುವಿಕೆ. ಗೊತ್ತಿಲ್ಲದ ಭಾಷೆಯ ಸಂಗಾತಿಗಳೊಡನೆ ಒಂದೇ ಸಾಲಿನಲ್ಲಿ ಊಟ, ಒಂದೇ ಸಾಲಿನಲ್ಲಿ ನಿದ್ರೆ. ಸರಿಯೋ ತಪ್ಪೋ ಎಂದು ಚರ್ಚಿಸುವ ಅವಕಾಶವಿಲ್ಲದೆ ಆಜ್ಞೆಯನ್ನು ಪಾಲಿಸುವುದು. ಶಿಸ್ತಿನಲ್ಲಿ ಸುಖ ಕಾಣುವ ಸ್ವಭಾವದವರು ಇದ್ದಾರೆ. ಅವರು ಅಲ್ಲಿ ಅರಳುತ್ತಾರೆ. ಮನೆಯಲ್ಲಿ ಅಪ್ಪನ ಒಂದು ಮಾತನ್ನೂ ತಾಳಲಾರದೆ, ಅದರಿಂದ ತಪ್ಪಿಸಿಕೊಳ್ಳಲೆಂದೇ ದಂಡಿಗೆ ಹೊರಡುವವನು ಅಲ್ಲಿ ನೂರು ಅಪ್ಪಂದಿರನ್ನು ಕಾಣುತ್ತಾನೆ.

ಎರಡನೆಯದು: ಐದನೆಯ ವರ್ಷ ನಾನೇನು ಮಾಡುತ್ತೇನೆ? ಹದಿನೆಂಟಕ್ಕೆ ಹೋದವನು ಇಪ್ಪತ್ತೆರಡಕ್ಕೆ ಹಿಂದಿರುಗುತ್ತಾನೆ. ಅವನ ಗೆಳೆಯರಲ್ಲಿ ಕೆಲವರು ಆಗ ಪದವೀಧರರು. ಅವನ ಕೈಯಲ್ಲಿ ಹಣವಿರುತ್ತದೆ, ಮೈಯಲ್ಲಿ ಕಸುವಿರುತ್ತದೆ, ಶಿಸ್ತಿರುತ್ತದೆ, ಪದವಿಯಿರುವುದಿಲ್ಲ. ಹತ್ತನೆಯ ತರಗತಿ ಮುಗಿಸಿ ಸೇರಿದವರು ಮುಕ್ತ ಶಾಲೆಯ ಮೂಲಕ ಹನ್ನೆರಡನೆಯ ತರಗತಿಯ ಪ್ರಮಾಣಪತ್ರ ಪಡೆಯುವ, ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಪದವಿಗೆ ಸೇವೆಯ ಅನುಭವವನ್ನು ಲೆಕ್ಕಕ್ಕೆ ಹಿಡಿಸುವ ವ್ಯವಸ್ಥೆಯುಂಟು. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮೀಸಲಾತಿಯನ್ನೂ 2022ರಲ್ಲಿಯೇ ಪ್ರಕಟಿಸಿದರು. ಇವು ತಾವಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಸೇರುವ ದಿನವೇ ಐದನೆಯ ವರ್ಷದ ಯೋಜನೆಯನ್ನು ಕಾಗದದ ಮೇಲೆ ಬರೆದಿಟ್ಟವನಿಗೆ ನಾಲ್ಕು ವರ್ಷ ಬಂಡವಾಳ. ಬರೆಯದವನಿಗೆ ಅದು ಕಳೆದುಹೋದ ಕಾಲ. ಹಿಂದೆಯೂ ಹೀಗಾಗಿತ್ತು. 1962ರ ಯುದ್ಧದ ತರುವಾಯ ತುರ್ತು ಕಮಿಷನ್ ಕೊಟ್ಟು ಸೇರಿಸಿಕೊಂಡ ತರುಣ ಅಧಿಕಾರಿಗಳಲ್ಲಿ ಅನೇಕರನ್ನು ಆ ದಶಕದ ಕೊನೆಗೆ ಬಿಡುಗಡೆ ಮಾಡಲಾಯಿತು. ಅವರಿಗಾಗಿ ಸರ್ಕಾರಿ ಸೇವೆಗಳಲ್ಲಿ ಸ್ಥಾನಗಳನ್ನು ಕಾದಿರಿಸಿದ್ದರು. ಸಿದ್ಧತೆ ಮಾಡಿಕೊಂಡವರು ಆ ಮೂಲಕ ದೊಡ್ಡ ಹುದ್ದೆಗೇರಿದರು; ಉಳಿದವರು ಮೊದಲಿನಿಂದ ಆರಂಭಿಸಬೇಕಾಯಿತು.

ಮೂರನೆಯದು: ಮನೆಯಲ್ಲಿ ನನ್ನ ಜಾಗಕ್ಕೆ ಯಾರು? ನಮ್ಮ ಕುರುಡುಮಲೆಯ ತರುಣ ಹೊರಟರೆ ಬೆಳಗ್ಗೆ ಹಾಲು ಕರೆಯುವವರು ಯಾರು, ಪಂಪು ಕೆಟ್ಟರೆ ನೋಡುವವರು ಯಾರು, ತಂದೆಗೆ ಕಾಯಿಲೆಯಾದರೆ ಕೋಲಾರದ ಆಸ್ಪತ್ರೆಗೆ ಕರೆದೊಯ್ಯುವವರು ಯಾರು ಎಂಬುದನ್ನು ಹೊರಡುವ ಮೊದಲೇ ಇತ್ಯರ್ಥ ಮಾಡಬೇಕು. ಹಣದ ವಿಷಯವನ್ನೂ ಅಷ್ಟೇ ಬಿಚ್ಚುಮನಸ್ಸಿನಿಂದ ಮಾತಾಡಬೇಕು. ಕೊನೆಗೆ ಬರುವ ಆ ಹನ್ನೊಂದು ಲಕ್ಷ ಯಾರದು? ಕೊಳವೆಬಾವಿಯ ಸಾಲಕ್ಕೆ, ತಂಗಿಯ ಮದುವೆಗೆ, ಹಳೆಯ ಮನೆಯ ತಾರಸಿಗೆ ಎಂದು ಮನೆಯವರು ಮನಸ್ಸಿನಲ್ಲೇ ಹಂಚಿಟ್ಟಿರುತ್ತಾರೆ. ಹುಡುಗ ಅದರಿಂದ ವ್ಯಾಪಾರ ಹೂಡಬೇಕೆಂದೋ ಓದಬೇಕೆಂದೋ ಎಣಿಸಿರುತ್ತಾನೆ. ನಾಲ್ಕು ವರ್ಷ ಇಬ್ಬರೂ ಮಾತಾಡದೆ ಕಾದರೆ, ಹಣ ಬಂದ ದಿನ ಮನೆಯಲ್ಲಿ ಜಗಳ ಖಂಡಿತ. ತಿಂಗಳ ಸಂಬಳದಲ್ಲಿ ಮನೆಗೆ ಇಷ್ಟೆಂದು ಗೊತ್ತುಮಾಡಿ, ಸೇವಾನಿಧಿಯನ್ನು ಅವನ ಮುಂದಿನ ಬಾಳಿಗೆಂದು ಬಿಟ್ಟುಕೊಡುವುದೇ ನ್ಯಾಯ. ಅದು ಅವನ ಪಿಂಚಣಿಯ ಬದಲಿಗೆ ಬಂದ ಹಣವಲ್ಲವೆ?

ನಾಲ್ಕನೆಯದು ಎಲ್ಲಕ್ಕಿಂತ ಕಠಿಣವಾದುದು: ಸಾಯುವುದಕ್ಕೂ ಕೊಲ್ಲುವುದಕ್ಕೂ ನಾನು ಒಪ್ಪಿದ್ದೇನೆಯೆ? ಮೊದಲ ಅರ್ಧವನ್ನು ಎಲ್ಲರೂ ಕೇಳುತ್ತಾರೆ, ಎರಡನೆಯ ಅರ್ಧವನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಪ್ರವಾಹದಲ್ಲಿ ಸಿಕ್ಕಿದವರನ್ನು ದೋಣಿಯಲ್ಲಿ ಕರೆತರುವ ಕೆಲಸವೂ ಸೇನೆಯದೇ. 2018ರಲ್ಲಿ ಕೊಡಗು, 2019ರಲ್ಲಿ ಉತ್ತರ ಕರ್ನಾಟಕ ಅದನ್ನು ಕಂಡಿವೆ. ಆದರೆ ಅದು ಸೇನೆಯ ಮುಖ್ಯ ಕೆಲಸವಲ್ಲ. ಅಹಿಂಸೆಯನ್ನು ನಂಬಿದ ಮನಸ್ಸು ಬೇಡವೆಂದರೆ ಅದು ಹೇಡಿತನವಲ್ಲ. ದೇಶದ ಗಡಿಯನ್ನು ಯಾರಾದರೂ ಕಾಯಲೇಬೇಕು, ನಾನೇ ಕಾಯುವೆನೆಂದರೆ ಅದು ಕ್ರೌರ್ಯವೂ ಅಲ್ಲ. ಎರಡೂ ಯೋಚಿಸಿ ಬಂದ ಉತ್ತರಗಳಾಗಿರಬೇಕು.

ಹಿಮದಲ್ಲಿ ಆರು ದಿನ

ಈ ನಾಲ್ಕನೆಯ ಪ್ರಶ್ನೆಯ ತೂಕವನ್ನು ತಿಳಿಯಬೇಕಾದವರು ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರನ್ನು ನೆನೆಯಬೇಕು. ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರು ಎಂಬ ಹಳ್ಳಿಯ ರೈತರ ಮನೆಯಲ್ಲಿ ಹುಟ್ಟಿದ ಅವರು 2002ರಲ್ಲಿ ಸೇನೆಗೆ ಸೇರಿದರು. ಹದಿಮೂರು ವರ್ಷದ ಸೇವೆಯಲ್ಲಿ ಹತ್ತು ವರ್ಷ ಕಠಿಣವಾದ ಪ್ರದೇಶಗಳಲ್ಲೇ ಕಳೆದರು. 2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯಲ್ಲಿ, 19,000 ಅಡಿಗೂ ಮೇಲಿನ ಠಾಣೆಯೊಂದರ ಮೇಲೆ ಹಿಮರಾಶಿ ಕುಸಿದು ಮದರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಆರು ದಿನಗಳ ಮೇಲೆ ಅಗೆದು ತೆಗೆದಾಗ ಹನುಮಂತಪ್ಪನವರಲ್ಲಿ ಉಸಿರಿತ್ತು. ದೇಶವೇ ಬೆರಗಾಯಿತು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಹೆಂಡತಿ, ಪುಟ್ಟ ಮಗಳು ಉಳಿದರು. ಅವರೊಡನೆ ಮಡಿದವರಲ್ಲಿ ಹಾಸನ ಜಿಲ್ಲೆಯವರೊಬ್ಬರು, ಮೈಸೂರು ಜಿಲ್ಲೆಯವರೊಬ್ಬರು ಇದ್ದರು.

ಅಲ್ಲಿ ಶತ್ರುವಿನ ಗುಂಡು ಹಾರಲಿಲ್ಲ. ಸುಮ್ಮನೆ ಒಂದು ಜಾಗವನ್ನು ಬಿಡದೆ ಕುಳಿತಿರುವುದೇ ಅವರ ಕೆಲಸವಾಗಿತ್ತು. ಸಿಪಾಯಿಯ ಸಾವು ಬಹಳ ಸಲ ಹಾಗೆಯೇ, ಹಾಡುಕಟ್ಟಲು ಬಾರದ ರೀತಿಯಲ್ಲಿ ಬರುತ್ತದೆ. ಅದನ್ನು ತಿಳಿದೂ ಹೋಗುವೆನೆಂಬುವನ ನಿರ್ಧಾರಕ್ಕೆ ಬೆಲೆಯುಂಟು.

ಒಂದಕ್ಕಿಂತ ಹೆಚ್ಚು ಬಾಗಿಲು

ಪಟ್ಟಣದ ತಂದೆತಾಯಿಗಳಿಗೆ ಒಂದು ಮಾತು. ಸೇನೆಗೆ ಬಾಗಿಲು ಒಂದೇ ಅಲ್ಲ. ಹನ್ನೆರಡನೆಯ ತರಗತಿಯ ಮೇಲೆ ಪುಣೆಯ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಪದವಿಯ ಮೇಲೆ ಡೆಹರಾಡೂನಿನ ಅಕಾಡೆಮಿ ಅಥವಾ ಚೆನ್ನೈಯ ಅಧಿಕಾರಿಗಳ ತರಬೇತಿ ಸಂಸ್ಥೆ. ಚೆನ್ನೈಯಿಂದ ಹೊರಬರುವ ಅಲ್ಪಾವಧಿ ಕಮಿಷನ್ನಿನ ಅವಧಿ 10 ವರ್ಷ, ಮತ್ತೆ 4 ವರ್ಷ ಬೆಳೆಸಬಹುದು. ಎನ್.ಸಿ.ಸಿ.ಯಲ್ಲಿ ‘ಸಿ’ ಪ್ರಮಾಣಪತ್ರ ಪಡೆದ ಪದವೀಧರರು ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಸಂದರ್ಶನಕ್ಕೆ ಹೋಗುವ ಮಾರ್ಗವೂ ಉಂಟು. ಓದಿನಲ್ಲಿ ಆಸಕ್ತಿಯಿರುವ ಹುಡುಗ ಆತುರಪಟ್ಟು ಹದಿನೆಂಟಕ್ಕೇ ಹೊರಡಬೇಕಾಗಿಲ್ಲ. ಮೂರು ವರ್ಷ ಕಾದು ಓದಿದರೆ ಅದೇ ದೇಶಸೇವೆ ಬೇರೊಂದು ಬಾಗಿಲಿನಿಂದ ಸಿಕ್ಕುತ್ತದೆ.

ಹೆಣ್ಣುಮಕ್ಕಳ ಮನೆಯವರೂ ಈಗ ಈ ಪ್ರಶ್ನೆಯಿಂದ ಹೊರತಲ್ಲ. ಸೇನಾ ಪೊಲೀಸ್ ದಳದ ಮೊದಲ ಮಹಿಳಾ ತಂಡದ 83 ಮಂದಿ ತರಬೇತಿ ಮುಗಿಸಿದ್ದು ನಮ್ಮ ಬೆಂಗಳೂರಿನಲ್ಲಿಯೇ, 2021ರ ಮೇ ತಿಂಗಳಲ್ಲಿ. ಸುಪ್ರೀಂ ಕೋರ್ಟಿನ ಆದೇಶದ ತರುವಾಯ 2022ರಲ್ಲಿ ರಕ್ಷಣಾ ಅಕಾಡೆಮಿಯನ್ನು ಸೇರಿದ ಮೊದಲ ತಂಡದ 17 ಮಂದಿ ಯುವತಿಯರು 2025ರ ಮೇ ತಿಂಗಳಲ್ಲಿ ಅಲ್ಲಿಂದ ಹೊರಬಂದರು.

ಜವಾನನಾಗಿಯೇ ಸೇರುವೆನೆಂಬ ಹುಡುಗನಿಗೆ 2023ರಿಂದ ಮೊದಲು ಕಂಪ್ಯೂಟರಿನ ಮೇಲೆ ಲಿಖಿತ ಪರೀಕ್ಷೆ, ಅದರಲ್ಲಿ ಗೆದ್ದರೆ ಮೈದಾನ. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದರೆ 60 ಅಂಕ, ಅಡ್ಡಕಂಬಿ ಹಿಡಿದು ಹತ್ತು ಸಲ ಮೇಲೇರಿದರೆ 40 ಅಂಕ, 9 ಅಡಿಯ ಕಂದಕದ ಜಿಗಿತ, ಆಮೇಲೆ ವೈದ್ಯರ ಪರೀಕ್ಷೆ. ಕಣ್ಣು, ಕಿವಿ, ಚಪ್ಪಟೆ ಪಾದ ಇವುಗಳಿಂದ ಎಷ್ಟೋ ಮಂದಿ ಕೊನೆಯ ಮೆಟ್ಟಿಲಿನಲ್ಲಿ ಹಿಂದಿರುಗುತ್ತಾರೆ, ಅದು ಅವಮಾನವಲ್ಲ. ಮೊದಲೇ ಊರಿನ ವೈದ್ಯರಲ್ಲಿ ತೋರಿಸಿಕೊಂಡರೆ ಎರಡು ವರ್ಷದ ಓಟ ವ್ಯರ್ಥವಾಗುವುದಿಲ್ಲ. ಭರ್ತಿಗಾಗಿ ಓದನ್ನು ನಿಲ್ಲಿಸುವುದು ಮಾತ್ರ ದೊಡ್ಡ ತಪ್ಪು. ವಯಸ್ಸಿನ ಮಿತಿ ದಾಟಿದ ದಿನ ಎರಡೂ ಕೈಬಿಟ್ಟಿರುತ್ತವೆ. ಹಣ ಕೊಟ್ಟರೆ ಸೇರಿಸುತ್ತೇನೆಂದು ಬರುವ ದಲ್ಲಾಳಿಯನ್ನು ಹೊಸ್ತಿಲು ದಾಟಿಸಬಾರದು. ಸೇನೆಯ ಭರ್ತಿಗೆ ಯಾವ ಶುಲ್ಕದ ಮಧ್ಯವರ್ತಿಯೂ ಇಲ್ಲ.

ನಮ್ಮ ಪಾಲಿನ ಮಾತು

ಮಗನನ್ನು ಕಳುಹಿಸಿದ ತಂದೆ ಹೇಗಿರಬೇಕೆಂಬುದಕ್ಕೆ ಕಾರ್ಯಪ್ಪನವರ ನಿದರ್ಶನವನ್ನು ಹೇಳುವುದುಂಟು. 1965ರ ಯುದ್ಧದಲ್ಲಿ ಅವರ ಮಗ, ವಾಯುಪಡೆಯ ಅಧಿಕಾರಿ, ಪಾಕಿಸ್ತಾನದ ಸೆರೆಯಾದಾಗ, ಹಿಂದೆ ತಮ್ಮೊಡನೆ ದುಡಿದಿದ್ದ ಅಯೂಬ್ ಖಾನರಿಂದ ವಿಶೇಷ ಅನುಕೂಲದ ಸೂಚನೆ ಬಂದಿತಂತೆ. ಸೆರೆಯಾದ ಎಲ್ಲ ಸೈನಿಕರೂ ತಮಗೆ ಮಕ್ಕಳೇ, ಎಲ್ಲರನ್ನೂ ಒಂದೇ ಸಮನಾಗಿ ನೋಡಿಕೊಳ್ಳಿರೆಂದು ಆ ತಂದೆ ಉತ್ತರಿಸಿದರಂತೆ.

ನಮ್ಮಲ್ಲಿ ಎಷ್ಟು ಮಂದಿಗೆ ಎಲ್ಲ ಸೈನಿಕರೂ ಮಕ್ಕಳಂತೆ ತೋರುತ್ತಾರೆ? ಆಗಸ್ಟ್ 15ರಂದು ಬಾವುಟ ಹಾರಿಸಿ ಜವಾನನನ್ನು ಹೊಗಳುವ ಮನೆಯಲ್ಲಿಯೇ, ಮಗ ಜವಾನನಾಗುವೆನೆಂದರೆ ಮುಖ ಬಾಡುತ್ತದೆ. ಬಾಡುವುದು ಸಹಜ, ಅದಕ್ಕಾಗಿ ಯಾರನ್ನೂ ನಿಂದಿಸಬೇಕಾಗಿಲ್ಲ. ಆದರೆ ನಮ್ಮ ಮಗನ ಬದಲಿಗೆ ಕುರುಡುಮಲೆಯ ಕಡೆಯ ಮತ್ತೊಬ್ಬರ ಮಗ ಹೋಗುತ್ತಾನೆಂಬುದನ್ನು ಮರೆಯಬಾರದು. ಅವನು ನಾಲ್ಕು ವರ್ಷ ಮುಗಿಸಿ, ಒಂದು ಟ್ರಂಕು ಹಿಡಿದು ಹಿಂದಿರುಗಿ, ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಬರುತ್ತಾನೆ. ಬೇರೆ ಬೇರೆ ಕಚೇರಿಗಳಲ್ಲಿ, ಕಾರ್ಖಾನೆಗಳಲ್ಲಿ, ಬ್ಯಾಂಕುಗಳಲ್ಲಿ ಅವನ ಅರ್ಜಿಯನ್ನು ನೋಡುವವರು ಈ ಪತ್ರಿಕೆಯನ್ನು ಓದುವ ಮನೆಗಳವರೇ. ಹಿಮದಲ್ಲಿ ನಿಂತು ಬಂದ ಇಪ್ಪತ್ತೆರಡರ ತರುಣನಿಗೆ ಗೇಟಿನ ಬಳಿಯ ಕಾವಲುಗಾರನ ಕುರ್ಚಿಯೊಂದೇ ಯೋಗ್ಯವೆಂದು ನಾವು ತೀರ್ಮಾನಿಸಿದರೆ, ಒಪ್ಪಂದವನ್ನು ಮುರಿದವರು ನಾವಾಗುತ್ತೇವೆ. ಯಂತ್ರ ನಡೆಸಲು, ಲೆಕ್ಕ ಬರೆಯಲು, ಜನರನ್ನು ನಡೆಸಲು ಅವನಿಗೆ ಕಲಿಸಬಹುದು. ಕಾಲಕ್ಕೆ ಸರಿಯಾಗಿ ಬರುವುದನ್ನೂ ಹೊಣೆ ಹೊರುವುದನ್ನೂ ಅವನಿಗೆ ಕಲಿಸಬೇಕಾಗಿಲ್ಲ.

ಇನ್ನು ಮನೆಯ ಮಾತು. ಮಗ ಸೇನೆಗೆ ಸೇರುವೆನೆಂದಾಗ ತಾಯಿ ಕಣ್ಣೀರಿನಿಂದ ತಡೆಯುವುದೂ ಬೇಡ, ನೆಂಟರೆದುರಿಗೆ ಹೆಮ್ಮೆಗೆಂದು ತಂದೆ ದೂಡುವುದೂ ಬೇಡ. ಈ ನಾಲ್ಕು ಪ್ರಶ್ನೆಗಳನ್ನು ಅವನ ಕೈಗೆ ಕೊಟ್ಟು, ಒಂದು ತಿಂಗಳ ಅವಕಾಶ ಕೊಡಿ. ಊರಿನಲ್ಲಿ ನಿವೃತ್ತರಾದ ಸೈನಿಕರಿದ್ದರೆ ಒಂದು ಸಂಜೆ ಅವರ ಬಳಿಗೆ ಕಳುಹಿಸಿ, ಅವರ ಹೆಂಡತಿಯ ಮಾತನ್ನೂ ಕೇಳಿ ಬರಲಿ. ತಿಂಗಳು ಕಳೆದ ಮೇಲೆಯೂ ಅವನು ಅದೇ ಮಾತನ್ನು, ದನಿಯೇರಿಸದೆ, ಲೆಕ್ಕಸಮೇತವಾಗಿ ಹೇಳಿದರೆ, ಅರ್ಜಿಯ ಕಾಗದವನ್ನು ತರಿಸಿಕೊಂಡು ಪೂರ್ತಿ ಓದಿ ಸಹಿ ಹಾಕಿ. ಬೇಡವೆಂದು ಅವನೇ ತೀರ್ಮಾನಿಸಿದರೆ, ಆ ವಿಷಯವನ್ನು ಮುಂದೆಂದೂ ಹಂಗಿಸುವ ಮಾತಾಗಿ ಎತ್ತಬೇಡಿ.